90 ಕಿಲೋಮೀಟರಿಗೆ ಐದು ತಾಸು: ಚಿಕ್ಕಮಗಳೂರು–ಶೃಂಗೇರಿ ಪಯಣದ ಒಂದು ಪ್ರಕರಣ

ಕಲಬುರಗಿಯಲ್ಲಿ ಯಾರಾದರೂ ದೂರ ಕೇಳಿದರೆ ಕಿಲೋಮೀಟರ್ ಹೇಳುತ್ತೇವೆ. ಕೇಳಿದವರು ಅದನ್ನು ಮನಸ್ಸಿನಲ್ಲೇ 60ರಿಂದ ಭಾಗಿಸಿಕೊಳ್ಳುತ್ತಾರೆ. ಹುಮನಾಬಾದ್ ಎಂದರೆ ಒಂದು ತಾಸು, ಬೀದರ್ ಎಂದರೆ ಎರಡು ತಾಸಿನ ಮೇಲೆ ಒಂದು ಚಹಾ. ತೊಗರಿ ಹೊಲಗಳ ನಡುವೆ ಗೆರೆ ಎಳೆದಂತೆ ಹೋಗುವ ರಸ್ತೆಗೆ ಈ ಲೆಕ್ಕ ಸಾಕು. ತಪ್ಪಿದರೂ ಕಾಲು ತಾಸಿಗಿಂತ ಹೆಚ್ಚು ತಪ್ಪುವುದಿಲ್ಲ.

ಇದೇ ಲೆಕ್ಕವನ್ನು ನಮ್ಮ ಮಾಮಾ ಚಿಕ್ಕಮಗಳೂರು–ಶೃಂಗೇರಿ ರಸ್ತೆಗೂ ಹಚ್ಚಿದರು. ನಮ್ಮಲ್ಲಿ ಅಕ್ಕನ ಗಂಡನನ್ನೂ ಮಾಮಾ ಎಂದೇ ಕರೆಯುವುದು. ಆಲ್ದೂರು, ಬಾಳೆಹೊನ್ನೂರು, ಜಯಪುರದ ಮೇಲೆ ಹಾಯ್ದರೆ ಆ ಎರಡು ಊರುಗಳ ನಡುವೆ ಸುಮಾರು 90 ಕಿಲೋಮೀಟರ್. "ಒಂದೂವರೆ ತಾಸು. ಹೆಚ್ಚೆಂದರೆ ಎರಡು," ಎಂದು ಮಾಮಾ ತೀರ್ಪು ಕೊಟ್ಟರು. ನನ್ನ ಮೊಬೈಲಿನ ನಕ್ಷೆ ಎರಡೂವರೆ ತಾಸಿನ ಹತ್ತಿರದ ಲೆಕ್ಕ ತೋರಿಸುತ್ತಿತ್ತು. ನಾನು ಐದು ತಾಸು ಎಂದೆ. ಮನೆಯಲ್ಲಿ ಎಲ್ಲರೂ ನಕ್ಕರು. ಆ ಐದು ತಾಸು ಎಲ್ಲಿಂದ ಬಂತು, ಕೊನೆಗೆ ಏನಾಯಿತು ಎಂಬುದೇ ಈ ಬರಹ.

ನಾವು ಏಳು ಜನ. 72 ವರ್ಷದ ಅವ್ವ: ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಅಕ್ಕ, ಮಾಮಾ, ಅವರ ಇಬ್ಬರು ಮಕ್ಕಳು. ಅದರಲ್ಲಿ ಚಿಕ್ಕವಳಿಗೆ ಒಂಬತ್ತು ವರ್ಷ; ಸಿಟಿ ಬಸ್ ಹತ್ತಿದರೂ ಹೊಟ್ಟೆ ತೊಳಸುವ ಹುಡುಗಿ. ನಾನು ಮತ್ತು ನನ್ನ ಹೆಂಡತಿ. ಅವ್ವನಿಗೆ ಬೇಕಾಗಿದ್ದದ್ದು ಎರಡೇ: ಬಾಳೆಹೊನ್ನೂರಿನ ರಂಭಾಪುರಿ ಪೀಠ, ಶೃಂಗೇರಿಯ ಶಾರದಾಂಬೆ. ನಮ್ಮ ಸೀಮೆಯ ವೀರಶೈವ ಮನೆಗಳಲ್ಲಿ ಪಂಚಪೀಠಗಳ ಹೆಸರು ಹೇಳುವಾಗ ರಂಭಾಪುರಿಯಿಂದಲೇ ಶುರು ಮಾಡುವ ರೂಢಿ. ಅವ್ವ ಆ ಹೆಸರನ್ನು ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದರೂ ಪೀಠವನ್ನು ಕಣ್ಣಾರೆ ಕಂಡಿರಲಿಲ್ಲ.

ಮಾಮಾ ಹಾಳೆಯ ಮೇಲೆ ಬರೆದುಕೊಂಡು ಬಂದ ಯೋಜನೆ ಹೀಗಿತ್ತು: ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಎದ್ದು ಮುಳ್ಳಯ್ಯನಗಿರಿ ಹತ್ತುವುದು, ಇಳಿದು ತಿಂಡಿ, ಬಾಳೆಹೊನ್ನೂರು, ಮಧ್ಯಾಹ್ನ ಶೃಂಗೇರಿ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ. ಹಾಳೆಯ ಮೇಲೆ ಅದು ಬಹಳ ಚೆಂದ ಕಾಣುತ್ತಿತ್ತು. ನಮ್ಮ ಕಡೆಯಿಂದ 600 ಕಿಲೋಮೀಟರ್ ದಾಟಿ ಹೋಗುವವರಿಗೆ ಇಂಥ ಆಸೆ ಸಹಜ. ಇನ್ನೊಮ್ಮೆ ಹೋಗುವುದು ಯಾವಾಗಲೋ, ಹೋದಾಗಲೇ ಎಲ್ಲವನ್ನೂ ನೋಡಿಬಿಡಬೇಕು ಎಂಬ ತವಕ. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಶೃಂಗೇರಿಯಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ ಗುಡಿಯ ಬಾಗಿಲು ಹಾಕುತ್ತಾರೆ, ಮತ್ತೆ ತೆರೆಯುವುದು ಸಂಜೆಗೆ. ಈ ಒಂದು ಸಂಗತಿ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಚಂದ್ರಂಪಳ್ಳಿಯ ತಾಲೀಮು

ವಾದ ಮಾಡಿ ಗೆಲ್ಲುವ ಶಕ್ತಿ ನನಗಿಲ್ಲ. ಅದಕ್ಕೇ ಒಂದು ಭಾನುವಾರ ಇದೇ ಏಳು ಜನರನ್ನು ಇದೇ ಬಗೆಯ ಗಾಡಿಯಲ್ಲಿ ಕೂರಿಸಿಕೊಂಡು ಚಿಂಚೋಳಿಯ ಆಚೆ ಚಂದ್ರಂಪಳ್ಳಿ ಜಲಾಶಯಕ್ಕೆ ಹೊರಟೆವು. ಅದೂ ಕಲಬುರಗಿಯಿಂದ ಹೆಚ್ಚೂಕಡಿಮೆ ಅಷ್ಟೇ ದೂರ. ಕೊನೆಗೆ ಗುಡ್ಡ, ಕಾಡು, ಒಂದಿಷ್ಟು ತಿರುವುಗಳು. ನಮ್ಮ ಜಿಲ್ಲೆಗೆ ಇರುವ ಮಲೆನಾಡು ಅಷ್ಟೇ. ಮನೆಯವರಿಗೆ ಅದು ಬುತ್ತಿ ಕಟ್ಟಿಕೊಂಡು ಹೋದ ಭಾನುವಾರ. ನನ್ನ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು.

ಚಕ್ರ ಉರುಳಿದ್ದು ಎರಡು ತಾಸು ಐದು ನಿಮಿಷ. ನಾವು ತಲುಪಿದ್ದು ಮೂರು ತಾಸು ಇಪ್ಪತ್ತು ನಿಮಿಷಕ್ಕೆ. ಉಳಿದ 75 ನಿಮಿಷ ನಾಲ್ಕು ನಿಲುಗಡೆಗಳಿಗೆ ಹೋಗಿತ್ತು: ಟಯರಿಗೆ ಗಾಳಿ ತುಂಬಿಸಲು ಒಮ್ಮೆ, ಚಹಾಕ್ಕೆ ಒಮ್ಮೆ, ಅವ್ವನಿಗೆ ಶುಚಿಯಾದ ಶೌಚಾಲಯ ಹುಡುಕಲು ಒಮ್ಮೆ, ಚಿಕ್ಕವಳ ಹೊಟ್ಟೆಗಾಗಿ ಒಮ್ಮೆ. ಒಂದು ನಿಲುಗಡೆಗೆ ಸರಾಸರಿ 19 ನಿಮಿಷ. ಎಲ್ಲರೂ "ಐದೇ ನಿಮಿಷ" ಎಂದೇ ಇಳಿದಿದ್ದರು. ಏಳು ಜನ ಇಳಿದು, ಚಪ್ಪಲಿ ಹುಡುಕಿ, ಮತ್ತೆ ಹತ್ತಿ, ಮೊದಲು ಕೂತ ಜಾಗ ನನ್ನದು ತನ್ನದು ಎಂದು ತೀರ್ಮಾನವಾಗುವಷ್ಟರಲ್ಲಿ ಐದು ನಿಮಿಷ ಇಪ್ಪತ್ತಾಗಿರುತ್ತದೆ. ಮಲೆನಾಡಿನ ತಿರುವುಗಳ ಬಗ್ಗೆ ನಾವು ಅಷ್ಟು ಚರ್ಚೆ ಮಾಡಿದ್ದೆವು. ಸಮಯ ತಿನ್ನುತ್ತಿದ್ದದ್ದು ನಮ್ಮ ಗಾಡಿಯ ಬಾಗಿಲು.

ಆ ದಿನ ತಿಳಿದ ಇನ್ನೊಂದು ಸಂಗತಿ ಹುಡುಗಿಯದು. ಅವಳು ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲಿನಲ್ಲಿ ಆಟವಾಡುತ್ತಿದ್ದಳು. ಗುಡ್ಡದ ತಿರುವು ಶುರುವಾಗಿ ಹತ್ತು ನಿಮಿಷದಲ್ಲೇ ಮುಖ ಬಿಳಿಚಿಕೊಂಡಿತು. ಒಳಗಿವಿ ಮೈ ತಿರುಗುತ್ತಿದೆ ಎನ್ನುತ್ತದೆ, ಕಣ್ಣು ಎಲ್ಲವೂ ನಿಂತಲ್ಲೇ ನಿಂತಿದೆ ಎನ್ನುತ್ತದೆ. ಎರಡರ ಜಗಳ ಹೊಟ್ಟೆಯಲ್ಲಿ ಮುಗಿಯುತ್ತದೆ. ವಾಪಸು ಬರುವಾಗ ಅವಳನ್ನು ನಡುವಿನ ಸಾಲಿನಲ್ಲಿ, ಗಾಜಿನಾಚೆಯ ರಸ್ತೆ ನೇರ ಕಾಣುವಂತೆ ಕೂರಿಸಿ ಮೊಬೈಲ್ ಕಸಿದುಕೊಂಡೆವು. ಅಳು ಬಂತು, ವಾಂತಿ ಬರಲಿಲ್ಲ.

ಗಾಡಿ ಯಾರದು, ಕೈ ಯಾರದು

ಮಾಮಾ ಅವರಿಗೆ ಪರಿಚಯದ ಡ್ರೈವರ್ ಒಬ್ಬರಿದ್ದರು. ಹೈದರಾಬಾದಿಗೆ ವಾರಕ್ಕೆರಡು ಬಾಡಿಗೆ ಹೊಡೆಯುವವರು, ರಾತ್ರಿಯಿಡೀ ಕಣ್ಣು ಮಿಟುಕಿಸದೆ ಓಡಿಸುವವರು. ಇಲ್ಲಿಂದಲೇ ಅವರ ಗಾಡಿಯಲ್ಲಿ ಹೋಗುವುದೆಂದು ಹೆಚ್ಚೂಕಡಿಮೆ ನಿಶ್ಚಯವಾಗಿತ್ತು. ಬೇಡವೆಂದವರು ಅವರೇ. "ಸರ್, ಸಪಾಟು ರಸ್ತೆಯಲ್ಲಿ ನನ್ನನ್ನು ಯಾರೂ ಹಿಡಿಯುವಂತಿಲ್ಲ. ಘಾಟಿಯಲ್ಲಿ ನಾನು ಗಾಡಿ ಓಡಿಸಿಯೇ ಇಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕಲಿಯುವುದು ಬೇಡ," ಎಂದರು. ಬಾಡಿಗೆ ಕೈಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ? ಈ ಇಡೀ ಪ್ರಕರಣದಲ್ಲಿ ಅತಿ ಬೆಲೆಬಾಳುವ ಸಲಹೆ ಅದೇ ಎಂದು ನನ್ನ ಎಣಿಕೆ.

ಹಾಗಾಗಿ ಸೊಲ್ಲಾಪುರ–ಹಾಸನ ರೈಲು ಹಿಡಿದೆವು. ಕಲಬುರಗಿಯಲ್ಲಿ ಹತ್ತಿದರೆ ಎಲ್ಲೂ ಬದಲಿಸದೆ ಹಾಸನದಲ್ಲಿ ಇಳಿಯಬಹುದು. ಅಲ್ಲಿಂದ ಚಿಕ್ಕಮಗಳೂರು 60 ಕಿಲೋಮೀಟರಿನ ಆಚೀಚೆ. ಹಳದಿ ಬೋರ್ಡಿನ, ಏಳು ಜನ ಸರಿಯಾಗಿ ಕೂರುವ ಸ್ಥಳೀಯ ಗಾಡಿಯನ್ನು ಮೂರು ದಿನಕ್ಕೆ ಗೊತ್ತು ಮಾಡಿಕೊಂಡೆವು. ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದವರಿದ್ದರು. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈ ಎತ್ತಲು ಅದೇ ನೆಪ ಸಾಕು. ಆ ಮಾತು ಅಲ್ಲಿಗೇ ನಿಂತಿತು.

ಬಾಡಿಗೆಯ ಲೆಕ್ಕದಲ್ಲೂ ಒಂದು ಮರ್ಮವಿದೆ. ಹೊರ ಊರಿಗೆ ಹೋಗುವ ಟ್ಯಾಕ್ಸಿಯವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಹಿಡಿಯುತ್ತಾರೆ, ಸಾಮಾನ್ಯವಾಗಿ 250 ಅಥವಾ 300. ಅದರ ಮೇಲೆ ಡ್ರೈವರ್ ಭತ್ಯೆ. ನೀವು 90 ಕಿಲೋಮೀಟರ್ ಹೋದರೂ ಅಷ್ಟೇ ಕೊಡಬೇಕು. ಶೃಂಗೇರಿಗೆ ಬಿಟ್ಟು ಹೋಗಿ ಎಂದರೆ ಖಾಲಿ ಗಾಡಿ ವಾಪಸು ಹೋಗುವ ದೂರವೂ ನಿಮ್ಮ ತಲೆಗೆ. ಮಾಮಾ ಇದನ್ನು ಕೇಳಿ, "ಹೇಗೂ 300ಕ್ಕೆ ದುಡ್ಡು ಕೊಡುತ್ತೇವೆ, 300 ಓಡಿಸಿಬಿಡೋಣ," ಎಂದರು. ಕೊಟ್ಟ ದುಡ್ಡಿಗೆ ಮೈಯನ್ನು ಹಿಂಡಿಕೊಳ್ಳುವ ಈ ವ್ಯಾಪಾರ ನಮ್ಮೆಲ್ಲರಲ್ಲೂ ಇದೆ. ಅರ್ಧ ದಿನದ ಪ್ರಯಾಣ ಹೆಚ್ಚಾಗಿ ಕೆಡುವುದು ಇಲ್ಲೇ.

ಬಾಗಿಲಿನಿಂದ ಹಿಂದಕ್ಕೆ

ನಾನು ಲೆಕ್ಕವನ್ನು ಶೃಂಗೇರಿಯಿಂದ ಶುರು ಮಾಡಿ ಹಿಂದಕ್ಕೆ ಬಂದೆ. ಬಾಗಿಲು ಎರಡಕ್ಕೆ. ಗಾಡಿ ನಿಲ್ಲಿಸಿ, ಅವ್ವ ನಿಧಾನಕ್ಕೆ ನಡೆದು, ಸಾಲಿನಲ್ಲಿ ನಿಲ್ಲಬೇಕು. ಆದ್ದರಿಂದ ಊರು ಮುಟ್ಟುವುದು ಹನ್ನೆರಡೂಕಾಲಿಗೆ. ಓಡಾಟಕ್ಕೆ ತಾಸಿಗೆ 30 ಕಿಲೋಮೀಟರಿನಂತೆ ಮೂರು ತಾಸು. ಬಾಳೆಹೊನ್ನೂರಿನಲ್ಲಿ 45 ನಿಮಿಷ. ಎರಡು ಸಣ್ಣ ನಿಲುಗಡೆ, ಚಂದ್ರಂಪಳ್ಳಿಯ ಅಳತೆಯಲ್ಲಿ ತಲಾ 20. ಅದರ ಮೇಲೆ ಯಾರಿಗೂ ಹೇಳದೆ 45 ನಿಮಿಷ ಖಾಲಿ ಬಿಟ್ಟೆ. ಹೇಳಿದ್ದರೆ ಆ 45 ನಿಮಿಷಕ್ಕೆ ಒಂದು ಜಲಪಾತ ಬಂದು ಕೂರುತ್ತಿತ್ತು. ಒಟ್ಟು ಐದು ತಾಸು ಹತ್ತು ನಿಮಿಷ. ಹೊರಡಬೇಕಾದದ್ದು ಏಳು ಗಂಟೆ ಐದು ನಿಮಿಷಕ್ಕೆ.

ಅದಕ್ಕಿಂತ ಮುಂಚೆ ಹೊರಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಅಕ್ಕ ಕೇಳಿದಳು. ನವೆಂಬರಿನ ಮೂರನೇ ವಾರ, ಬೆಳಗಿನ ಮಂಜು ಕರಗಲು ಹೊತ್ತು ಬೇಕು. ಜೊತೆಗೆ ಆಲ್ದೂರು, ಬಾಳೆಹೊನ್ನೂರು ಸುತ್ತ ಈಚಿನ ವರ್ಷಗಳಲ್ಲಿ ಕಾಡಾನೆಗಳ ಓಡಾಟ ಹೆಚ್ಚಿದೆ, ಜೀವಗಳೂ ಹೋಗಿವೆ. ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಪರ ಊರಿನವರು ಓಡಾಡದಿರುವುದೇ ಲೇಸು. ಹೀಗೆ ಮುಂದೆಯೂ ಗೋಡೆ, ಹಿಂದೆಯೂ ಗೋಡೆ.

ಕತ್ತರಿ ಆಡಿಸುವುದೇ ಕಷ್ಟದ ಕೆಲಸ. ಆಗುಂಬೆ ಮರುದಿನಕ್ಕೆ ಹೋಯಿತು. ನನ್ನ ಹೆಂಡತಿ ಸಸ್ಯಶಾಸ್ತ್ರ ಕಲಿಸುವವಳು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವನ್ನು ನೋಡುವ ಆಸೆ ಅವಳಿಗಿತ್ತು, ಅದೂ ಹೋಯಿತು. ಮುಳ್ಳಯ್ಯನಗಿರಿ ಪೂರ್ತಿ ಹೋಯಿತು. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಅದನ್ನು ಅಳಿಸಿದ್ದಕ್ಕೆ ಮಾಮಾ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅವರ ಪರವಾಗಿ ಹೇಳುವುದಾದರೆ, ಅವ್ವನನ್ನು ವಸತಿಗೃಹದಲ್ಲಿ ಬಿಟ್ಟು ಹಿಂದಿನ ದಿನ ಸಂಜೆ ಅವರನ್ನೂ ಮಕ್ಕಳನ್ನೂ ಕಳಿಸಬಹುದಿತ್ತು. ಆಗ ನನಗೆ ಅದು ಹೊಳೆಯಲಿಲ್ಲ.

ಆ ದಿನ

ಹೊರಟದ್ದು ಏಳೂ ಮೂವತ್ತೈದಕ್ಕೆ. ಅರ್ಧ ತಾಸು ವಸತಿಗೃಹದ ಬಿಸಿನೀರಿಗೆ ಬಲಿಯಾಯಿತು. ಬೆಳಗಿನ ಆರೂವರೆಯವರೆಗೆ ಬಿಸಿನೀರು ಬರುವುದಿಲ್ಲ ಎಂದು ಹಿಂದಿನ ರಾತ್ರಿ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. 40 ಡಿಗ್ರಿ ಬಿಸಿಲಿನ ಊರಿನವರಿಗೆ ಆ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುವುದು ಆಗದ ಮಾತು. ಎರಡೆರಡು ಇಡ್ಲಿ ತಿಂದೆವು. ಅವ್ವನ ಸಕ್ಕರೆಗೆ ಹೊಟ್ಟೆ ಖಾಲಿ ಇರಬಾರದು, ಹುಡುಗಿಯ ತಿರುವುಗಳಿಗೆ ತುಂಬಿರಬಾರದು; ಎರಡಕ್ಕೂ ಹೊಂದಿದ್ದು ಎರಡು ಇಡ್ಲಿ. ವೈದ್ಯರು ಬರೆದುಕೊಟ್ಟಿದ್ದ ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಅರ್ಧ ತಾಸು ಮೊದಲೇ ಹುಡುಗಿಗೆ ಕೊಟ್ಟಿದ್ದೆವು. ಗಾಡಿ ಹೊರಟ ಮೇಲೆ ಕೊಟ್ಟರೆ ಅದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ.

ಹುಡುಗಿಗೆ ಒಂದು ಕೆಲಸ ವಹಿಸಿದೆ. ರಸ್ತೆಯ ತಿರುವುಗಳನ್ನು ಎಣಿಸಬೇಕು, ಹತ್ತಕ್ಕೊಂದು ಗೆರೆಯನ್ನು ಅಣ್ಣನ ಪುಸ್ತಕದಲ್ಲಿ ಅವನಿಂದ ಹಾಕಿಸಬೇಕು. ಎಣಿಸಲು ರಸ್ತೆಯನ್ನೇ ನೋಡುತ್ತಿರಬೇಕು, ಅದೇ ನನಗೆ ಬೇಕಾಗಿದ್ದದ್ದು.

ಆಲ್ದೂರಿನ ದಾರಿಯಲ್ಲಿ ತೋಟದ ಆಳುಗಳನ್ನು ತುಂಬಿಕೊಂಡ ಜೀಪುಗಳು, ಪಿಕಪ್ ಗಾಡಿಗಳು ಸಾಲುಸಾಲು. ಅರೇಬಿಕಾ ಕೊಯ್ಲು ಶುರುವಾಗುವ ಕಾಲ. ಗಿಡಗಳಲ್ಲಿ ಕೆಂಪು ಹಣ್ಣು, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ಜೀಪಿನ ಹಿಂದೆ ಕಾಲು ತಾಸು ತೆವಳಿದೆವು. ಮಾಮಾ ಮುಂದಿನ ಸೀಟಿನಿಂದ, "ಹೊಡೆಯಿರಿ ಅಣ್ಣಾ, ರಸ್ತೆ ಖಾಲಿ ಇದೆ," ಎಂದರು. ಡ್ರೈವರ್ ಉತ್ತರ ಕೊಡಲಿಲ್ಲ. ಆ ಖಾಲಿ ರಸ್ತೆಯ ತಿರುವಿನಿಂದ ಬಸ್ಸೊಂದು ಇಡೀ ಮೈ ಹೊರಳಿಸಿಕೊಂಡು ಬಂದು ನಮ್ಮ ಕನ್ನಡಿಗೆ ಒಂದು ಗೇಣು ಬಿಟ್ಟು ದಾಟಿತು. ಆಮೇಲೆ ಮಾಮಾ ಆ ಮಾತು ಎತ್ತಲಿಲ್ಲ.

ಬಾಳೆಹೊನ್ನೂರಿಗೆ ಭದ್ರೆಯ ದಂಡೆಯತ್ತ ಇಳಿಯುವಾಗ ನಾನು ಡ್ರೈವರರ ಎಡಗೈಯನ್ನೇ ನೋಡುತ್ತಿದ್ದೆ. ಇಳಿಜಾರು ಶುರುವಾಗುವ ಮೊದಲೇ ಅವರು ಎರಡನೇ ಗೇರಿಗೆ ಬಂದರು. ಎಂಜಿನ್ ಗುರ್ ಎಂದಿತು, ಗಾಡಿ ತನ್ನಷ್ಟಕ್ಕೆ ತಡೆದುಕೊಂಡಿತು. ಬ್ರೇಕ್ ಮೇಲೆ ಕಾಲು ಇಟ್ಟದ್ದು ತಿರುವಿಗೆ ಮೊದಲು ಒಂದು ಸಲ, ಒತ್ತಿ ಬಿಟ್ಟಂತೆ. "ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು," ಎಂದರು. ಕೆಳಗೆ ನಮ್ಮ ಮುಂದೆ ಹೋಗುತ್ತಿದ್ದ ಪರ ಊರಿನ ಕಾರಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಸುಟ್ಟ ವಾಸನೆ ಬಂತು. ಬ್ರೇಕ್ ಪ್ಯಾಡ್ ಕಾಯ್ದರೆ ಹಿಡಿತ ಸಡಿಲವಾಗುತ್ತದೆ; ದ್ರವ ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ಮುಂದೆ ಆ ಕಾರು ಬದಿಗೆ ನಿಂತಿತ್ತು, ಒಬ್ಬಾತ ಬಾಟಲಿ ನೀರು ಹಿಡಿದು ಚಕ್ರದ ಬಳಿ ಬಗ್ಗಿದ್ದ. ನಮ್ಮ ಡ್ರೈವರ್ ಗಾಜು ಇಳಿಸಿ, "ನೀರು ಹಾಕಬೇಡಿ ಸಾರ್, ಕಾದ ಡಿಸ್ಕ್ ಹಾಳಾಗುತ್ತದೆ. ಅರ್ಧ ಗಂಟೆ ಹಾಗೇ ಬಿಡಿ," ಎಂದು ಕೂಗಿದರು. ಕಿರಿದಾದ ಒಂದು ಕಡೆ ಎದುರಿನಿಂದ ಹತ್ತಿ ಬರುತ್ತಿದ್ದ ಲಾರಿಗೆ ನಾವೇ ನಿಂತು ದಾರಿ ಬಿಟ್ಟೆವು. ಏರುವ ಗಾಡಿಗೆ ಮೊದಲ ಹಕ್ಕು ಎಂಬುದು ಮೋಟಾರು ನಿಯಮದಲ್ಲೂ ಇದೆ. ನಾನು ಲೈಸೆನ್ಸ್ ಪಡೆದು 20 ವರ್ಷವಾಗಿದೆ. ಸಮತಟ್ಟಿನ ಊರಿನಲ್ಲಿ ಆ ನಿಯಮ ನೆನಪಾಗುವ ಪ್ರಸಂಗವೇ ಬಂದಿರಲಿಲ್ಲ.

ರಸ್ತೆ ಕಾಮಗಾರಿಯೊಂದರಲ್ಲಿ ಹತ್ತು ನಿಮಿಷ, ಹುಡುಗಿಯ ಸಲುವಾಗಿ ಹದಿನೈದು ನಿಮಿಷ ನಿಂತೆವು. ಅವಳಿಗೆ ಏನೂ ಆಗಿರಲಿಲ್ಲ, ಮುಂಜಾಗ್ರತೆ ಅಷ್ಟೇ. ಬಾಳೆಹೊನ್ನೂರು ಮುಟ್ಟಿದ್ದು 9:50ಕ್ಕೆ.

ಇಲ್ಲಿ ನನ್ನ ಕಾಗದ ಸೋತಿತು. ಅವ್ವ ಪೀಠದಲ್ಲಿ ದರ್ಶನ ಮುಗಿಸಿ ಒಂದು ಕಂಬಕ್ಕೆ ಒರಗಿ ಕುಳಿತಳು. 45 ನಿಮಿಷ ಆಯಿತು, ನಾನು ಗಡಿಯಾರ ನೋಡಿದೆ. ಅವ್ವ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದ್ದಳು. ಐವತ್ತು ವರ್ಷ ಹೆಸರು ಹೇಳಿದವಳನ್ನು ಏಳು ಎನ್ನುವುದು ಹೇಗೆ? ಅಕ್ಕ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ಹೊರಟದ್ದು 11:05ಕ್ಕೆ, ಒಟ್ಟು 75 ನಿಮಿಷ. ಖಾಲಿ ಬಿಟ್ಟಿದ್ದ ಹೊತ್ತಿನ ಮೂರರಲ್ಲಿ ಎರಡು ಪಾಲು ಅಲ್ಲೇ ಖರ್ಚಾಯಿತು. ಅದಕ್ಕಿಂತ ಒಳ್ಳೆಯ ಖರ್ಚು ಆ ಪ್ರವಾಸದಲ್ಲಿ ಬೇರೆ ಇರಲಿಲ್ಲ.

ಜಯಪುರದಲ್ಲಿ ಹದಿನೈದು ನಿಮಿಷ ನಿಂತೆವು. ಬುತ್ತಿ ಬಿಚ್ಚಿದರೆ ನಗು. ಕಲಬುರಗಿಯಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ ಮಲೆನಾಡಿನ ತೇವಕ್ಕೆ ಮೆತ್ತಗಾಗಿ, ಮಡಿಸಿದ ಅರಿವೆಯಂತೆ ಬಾಗುತ್ತಿತ್ತು. ನಮ್ಮ ಕಡೆ ತಿಂಗಳುಗಟ್ಟಲೆ ಇಟ್ಟರೂ ಮುರಿದರೆ ಪಟ್ ಎನ್ನುವ ರೊಟ್ಟಿ! ಶೇಂಗಾ ಹಿಂಡಿ ಮಾತ್ರ ತನ್ನ ಮಾನ ಉಳಿಸಿಕೊಂಡಿತ್ತು. ಮೆತ್ತನೆಯ ರೊಟ್ಟಿಯಲ್ಲಿ ಹಿಂಡಿ ಸುತ್ತಿ ತಿಂದೆವು. ಡ್ರೈವರ್ ಎರಡು ಹೆಚ್ಚಿಗೆ ಕೇಳಿ ಪಡೆದರು.

ಅಲ್ಲಿಂದ ಮುಂದೆ ಒಂದು ಕಡೆ ಮೊಬೈಲ್ ನಕ್ಷೆ ಎಡಕ್ಕೆ ತಿರುಗಲು ಹೇಳಿತು, ನಾಲ್ಕು ನಿಮಿಷ ಉಳಿಯುತ್ತದಂತೆ. ಡ್ರೈವರ್ ನಕ್ಕು ನೇರ ಹೋದರು. ಅದು ಯಾವುದೋ ತೋಟದೊಳಗಿನ ಮಣ್ಣಿನ ದಾರಿ, ಕೊನೆಗೆ ಬೀಗ ಹಾಕಿದ ಗೇಟು. ಸಿಗ್ನಲ್ ಇಲ್ಲದ ಕಡೆಗೂ ಇರಲಿ ಎಂದು ಹಿಂದಿನ ರಾತ್ರಿಯೇ ನಕ್ಷೆಯನ್ನು ಇಳಿಸಿಟ್ಟುಕೊಂಡಿದ್ದ ನನ್ನ ಜಾಣ್ಮೆಗೆ ಅಷ್ಟೇ ಬೆಲೆ.

ಶೃಂಗೇರಿ ಮುಟ್ಟಿದ್ದು 12:50ಕ್ಕೆ. ಒಟ್ಟು ಐದು ತಾಸು ಹದಿನೈದು ನಿಮಿಷ. ಬರೀ ಓಡಿದ್ದು ಮೂರು ತಾಸು ಇಪ್ಪತ್ತು ನಿಮಿಷ, ಎಂದರೆ ನನ್ನ ಲೆಕ್ಕಕ್ಕಿಂತ ಇಪ್ಪತ್ತು ಹೆಚ್ಚು. ಖಾಲಿ ಬಿಟ್ಟ ಹೊತ್ತಿನಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಅವ್ವ ಶಾರದಾಂಬೆಯ ಎದುರು ನಿಂತಾಗ ಒಂದೂವರೆ. ಪ್ರಸಾದದ ಊಟ ಮುಗಿಸಿ, ಸಂಜೆ ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದೆವು. ಮಾಮಾ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳಲ್ಲಿ ಆ ತಿಂಗಳ ವೃಶ್ಚಿಕದ ಕಂಬ ಯಾವುದೆಂದು ಹುಡುಕುತ್ತ ಅರ್ಧ ತಾಸು ಸುತ್ತಿದರು. ಮುಳ್ಳಯ್ಯನಗಿರಿಯ ಸಿಟ್ಟು ಆ ಕಂಬಗಳ ನಡುವೆ ಎಲ್ಲೋ ಕಳೆದುಹೋಯಿತು.

ರಾತ್ರಿ ನೋಟ್‌ಬುಕ್ ತುಂಬಿಸುವಾಗ ಹುಡುಗನಿಂದ ಗೆರೆಗಳ ಪುಸ್ತಕ ಕೇಳಿ ಪಡೆದೆ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನವರೆಗೆ 21 ಗೆರೆ, ಎಂದರೆ 210 ತಿರುವು. ಜಯಪುರದ ಹೊತ್ತಿಗೆ ಇನ್ನೂ ಒಂಬತ್ತು ಗೆರೆ. ಅಲ್ಲಿಂದಾಚೆ ಪುಟ ಖಾಲಿ. ರೊಟ್ಟಿ ತಿಂದು ಅವಳು ನಿದ್ದೆ ಹೋಗಿದ್ದಳು.